ಕೋಣೆಯಲ್ಲಿ ಕಲಿತದ್ದು ಬೀದಿಗೆ ಬರಲಿ

ಆಟಿಸಂ ಇರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ ಕೊಡಿಸಬೇಕೆಂಬ ಅರಿವು ಈಗ ಸಣ್ಣ ಊರುಗಳಿಗೂ ತಲುಪುತ್ತಿದೆ. ಆದರೆ ವಾರಕ್ಕೆರಡು ಕ್ಲಾಸು ಕೊಡಿಸಿದರೆ ಕೆಲಸ ಮುಗಿಯಲಿಲ್ಲ. ಅಂಗಡಿ, ಬಸ್ಸು, ಕಟಿಂಗ್ ಶಾಪು, ಅಂಗನವಾಡಿ, ಮದುವೆಮನೆ ಹೀಗೆ ಮಗು ಬದುಕುವ ಜಾಗಗಳೇ ಕಲಿಕೆಯ ಜಾಗಗಳಾಗಬೇಕು.

ಥೆರಪಿ ಸೆಂಟರಿನಲ್ಲಿ ಚಿತ್ರದ ಕಾರ್ಡು ತೋರಿಸಿದ ಕೂಡಲೇ ‘ಬಿಸ್ಕೆಟ್’ ಎನ್ನುವ ಮಗು, ಸಂಜೆ ಬೀದಿ ಕೊನೆಯ ಅಂಗಡಿಗೆ ಹೋದಾಗ ಅದೇ ಬಿಸ್ಕೆಟ್ ಭರಣಿಯಲ್ಲಿ ಕಣ್ಣೆದುರೇ ಇದ್ದರೂ ಬಾಯಿ ಬಿಡುವುದಿಲ್ಲ. ಅಮ್ಮನ ಕೈ ಹಿಡಿದು ಜಗ್ಗುತ್ತದೆ, ಕಾಲು ಬಡಿಯುತ್ತದೆ, ಕೊನೆಗೆ ನೆಲದ ಮೇಲೆ ಬಿದ್ದು ಹೊರಳಾಡುತ್ತದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ‘ಅಲ್ಲಿ ಚೆನ್ನಾಗಿ ಹೇಳ್ತಾನಲ್ಲ, ಇಲ್ಲಿ ಯಾಕೆ ಹೇಳಲ್ಲ?’ ಆಟಿಸಂ ಇರುವ ಮಕ್ಕಳ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಗುವಿಗೆ ಹಠ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ, ಥೆರಪಿಸ್ಟ್ ಸರಿಯಿಲ್ಲ ಎಂದು ಇನ್ನು ಕೆಲವರು ಸೆಂಟರ್ ಬದಲಾಯಿಸುತ್ತಾರೆ. ನಿಜವಾದ ಕಾರಣ ಬೇರೆಯೇ ಇದೆ.

ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ನಮ್ಮಲ್ಲಿ ಬಹುಪಾಲು ಮಂದಿಗೆ ಎಷ್ಟು ಸಲೀಸಾಗಿ ಬಂದಿದೆಯೆಂದರೆ, ಅದೂ ಒಂದು ಕಲಿಕೆ ಎಂದು ಅನ್ನಿಸುವುದೇ ಇಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ. ಸೆಂಟರಿನಲ್ಲಿ ಒಂದು ಮೇಜು, ಒಂದು ಕಾರ್ಡು, ಪರಿಚಯದ ಒಬ್ಬ ಅಕ್ಕ, ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಕೋಣೆ. ಅಂಗಡಿಯ ಮುಂದೆ ಸ್ಕೂಟರ್ ಹಾರ್ನು, ಪಕ್ಕದ ಹೋಟೆಲಿನ ಒಗ್ಗರಣೆ ವಾಸನೆ, ಅವಸರದ ಗಿರಾಕಿಗಳು. ಅಲ್ಲಿ ಆಡಿದ ಮಾತನ್ನೇ ಇಲ್ಲೂ ಆಡಬೇಕು ಎಂಬುದು ಮಗುವಿಗೆ ತಾನಾಗಿ ಹೊಳೆಯುವುದಿಲ್ಲ.

ವರ್ತನಾ ವಿಜ್ಞಾನಿಗಳಾದ ಟ್ರೆವರ್ ಸ್ಟೋಕ್ಸ್ ಮತ್ತು ಡೊನಾಲ್ಡ್ ಬೇರ್ 1977ರಷ್ಟು ಹಿಂದೆಯೇ ಈ ತೊಡಕಿನ ಬಗ್ಗೆ ವಿವರವಾಗಿ ಬರೆದರು. ಒಂದು ಕಡೆ ಕಲಿಸಿ, ಉಳಿದ ಕಡೆ ತಾನಾಗಿ ಬಂದೀತು ಎಂದು ಆಸೆಯಿಂದ ಕಾಯುವುದೇ ಆವರೆಗಿನ ಅಧ್ಯಯನಗಳಲ್ಲಿ ಅವರಿಗೆ ಹೆಚ್ಚಾಗಿ ಕಂಡಿತ್ತು. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಜನರ ಜೊತೆ, ನಿತ್ಯದ ಬದುಕಿನಲ್ಲಿ ನಿಜಕ್ಕೂ ಸಿಗುವ ಪ್ರತಿಫಲವನ್ನೇ ಬಳಸಿ ಕಲಿಸಬೇಕು ಎಂಬುದು ಅವರ ಸಲಹೆಯಾಗಿತ್ತು. ಹತ್ತಿರ ಹತ್ತಿರ ಐವತ್ತು ವರ್ಷ ಕಳೆದಿದೆ. ನಮ್ಮ ಊರುಗಳಲ್ಲಿ ಇನ್ನೂ ಬಹುಮಟ್ಟಿಗೆ ನಡೆಯುತ್ತಿರುವುದು ಕಲಿಸಿ ಕಾಯುವ ಕೆಲಸವೇ. ಇದು ಬದಲಾಗಬೇಕು, ಬದಲಾಯಿಸಲು ಸಾಧ್ಯವೂ ಇದೆ.

ತಾಯಿಯ ತಪ್ಪಲ್ಲ, ಮಗುವಿನ ಹಠವಲ್ಲ

ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂತು. ಇದು ಅಂಟುವ ರೋಗವಲ್ಲ, ಔಷಧಿಯಿಂದ ವಾಸಿಯಾಗುವ ಕಾಯಿಲೆಯೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ. ಇನ್ನೊಬ್ಬರ ಜೊತೆ ಮಾತು, ನೋಟ, ಸನ್ನೆಗಳ ಕೊಡುಕೊಳ್ಳುವಿಕೆ ಕಷ್ಟವಾಗುವುದು, ಒಂದೇ ಕ್ರಮ ಅಥವಾ ಒಂದೇ ಆಸಕ್ತಿಗೆ ಅಂಟಿಕೊಳ್ಳುವುದು, ಸದ್ದು, ಬೆಳಕು, ಸ್ಪರ್ಶ, ರುಚಿಗಳು ವಿಪರೀತವಾಗಿ ಅಥವಾ ತೀರಾ ಕಡಿಮೆಯಾಗಿ ತಟ್ಟುವುದು ಇದರ ಮುಖ್ಯ ಲಕ್ಷಣಗಳು. ಒಂದು ಮಗುವಿಗೆ ಮಾತೇ ಇರಲಿಕ್ಕಿಲ್ಲ, ಇನ್ನೊಂದು ಮಗು ರೈಲಿನ ವೇಳಾಪಟ್ಟಿಯನ್ನು ಗಂಟೆಗಟ್ಟಲೆ ಒಪ್ಪಿಸೀತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ಸಾಧಾರಣ ಗಾತ್ರದ ಪ್ರತಿ ಹಳ್ಳಿಯಲ್ಲೂ ಪ್ರತಿ ಬಡಾವಣೆಯಲ್ಲೂ ಇಂಥ ಮಕ್ಕಳಿದ್ದಾರೆ.

ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂಬ ಕ್ರೂರವಾದ ಊಹೆ ಪಶ್ಚಿಮದಲ್ಲಿ ಎರಡು ದಶಕ ಚಾಲ್ತಿಯಲ್ಲಿತ್ತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಪುರಾವೆ ಸಮೇತ ಅಲ್ಲಗಳೆದರು. ಅನುವಂಶೀಯತೆಯ ಪಾಲು ಇದರಲ್ಲಿ ದೊಡ್ಡದು ಎಂದು ಆಮೇಲಿನ ಸಂಶೋಧನೆ ತೋರಿಸಿಕೊಟ್ಟಿತು. ಆದರೂ ನಮ್ಮ ಮನೆಗಳ ಜಗಲಿಯಲ್ಲಿ ದೂಷಣೆ ನಿಂತಿಲ್ಲ. ‘ಮುದ್ದು ಮಾಡಿ ಕೆಡಿಸಿದ್ದಾಳೆ’, ‘ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಗಿದ್ದು’, ‘ಅವರಪ್ಪನೂ ಮಾತಾಡಿದ್ದು ತಡವಾಗಿಯೇ, ಬಿಡಿ, ಸರಿ ಹೋಗ್ತಾನೆ’ ಎಂಬ ಮಾತುಗಳು ಇನ್ನೂ ಕೇಳುತ್ತವೆ. ಮೊದಲಿನ ಎರಡು ಮಾತು ತಾಯಿಯನ್ನು ಕುಗ್ಗಿಸುತ್ತವೆ. ಮೂರನೆಯದು ಮಗುವಿನ ಅಮೂಲ್ಯವಾದ ವರ್ಷಗಳನ್ನು ತಿಂದುಹಾಕುತ್ತದೆ.

ಮೇಜಿನ ಪಾಠದಿಂದ ಆಟದ ಪಾಠಕ್ಕೆ

ಪೋಷಕರ ಬಾಯಲ್ಲಿ ‘ಎಬಿಎ’ ಎಂದೇ ಪರಿಚಿತವಾದ ಅನ್ವಯಿಕ ವರ್ತನಾ ವಿಶ್ಲೇಷಣೆಯ ಹಿಂದಿನ ತತ್ವ ಸರಳ. ಯಾವ ನಡತೆಗೆ ಒಳ್ಳೆಯ ಫಲ ಸಿಗುತ್ತದೋ ಅದು ಮತ್ತೆ ಮತ್ತೆ ಬರುತ್ತದೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಬೇಕಾದಷ್ಟೇ ನೆರವು ಕೊಟ್ಟು, ಆ ನೆರವನ್ನು ನಿಧಾನವಾಗಿ ಹಿಂತೆಗೆದುಕೊಳ್ಳುತ್ತ ಕಲಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿದ್ದ ಐವರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮನೆಮಾತಾಗಿಸಿತು. ವಾರಕ್ಕೆ 40 ಗಂಟೆಯಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಓದು ಮತ್ತು ಬುದ್ಧಿಮಟ್ಟದಲ್ಲಿ ಓರಗೆಯವರ ಸಮಕ್ಕೆ ಬಂದರು ಎಂದು ಅವರು ವರದಿ ಮಾಡಿದರು. ಅಸಂಖ್ಯ ಕುಟುಂಬಗಳಿಗೆ ಅದು ಭರವಸೆ ಕೊಟ್ಟಿತು. ಆದರೆ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಹಾಗಾಗಿ ಫಲಿತಾಂಶದ ಬಗ್ಗೆ ಚರ್ಚೆ ಎದ್ದಿತು. ಜೋರಾಗಿ ಗದರುವುದು, ತೊಡೆಗೆ ಏಟು ಕೊಡುವುದೂ ಆ ತರಬೇತಿಯ ಭಾಗವಾಗಿತ್ತು. ಇಂದು ಅದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಹಾದಿ ಬೆಳೆಯುತ್ತಿತ್ತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಬಡ ಕುಟುಂಬಗಳ ಮಕ್ಕಳ ಶಿಶುವಿಹಾರದಲ್ಲಿ ಮೇಜಿನ ಪಾಠವನ್ನು ಬದಿಗಿಟ್ಟು, ಮಗು ತಾನಾಗಿ ಏನನ್ನೋ ಬಯಸುವ ಗಳಿಗೆಗೆ ಕಾದರು. ಆಟಿಕೆ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಮಗು ಅತ್ತ ಕೈ ಚಾಚಿದಾಗ ದೊಡ್ಡವರು ಹತ್ತಿರ ಬಂದು ಮಾತಿಗೆ ಅವಕಾಶ ಮಾಡಿಕೊಡುತ್ತಾರೆ. ಮಾತು ಬಂದರೆ ಆಟಿಕೆ ಸಿಗುತ್ತದೆ. ಇದನ್ನೇ ಆಟಿಸಂ ಇರುವ ಮಕ್ಕಳಿಗೆ ಹೊಂದಿಸಿದವರಲ್ಲಿ ರಾಬರ್ಟ್ ಮತ್ತು ಲಿನ್ ಕೇಗಲ್ ದಂಪತಿ ಮುಖ್ಯರು. ಆಯ್ಕೆ ಮಗುವಿನದಿರಲಿ, ಪ್ರಯತ್ನಕ್ಕೂ ಬೆಲೆಯಿರಲಿ, ಬಹುಮಾನ ಕೆಲಸಕ್ಕೆ ಸಂಬಂಧಿಸಿದ್ದೇ ಆಗಿರಲಿ ಎಂಬುದು ಅವರ ವಿಧಾನದ ತಿರುಳು. ‘ಚೆಂಡು’ ಎಂದರೆ ಚೆಂಡು ಸಿಗಬೇಕು, ಚಾಕೊಲೇಟ್ ಅಲ್ಲ.

ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ರೂಪಿಸಿದ ‘ಡೆನ್ವರ್ ಮಾದರಿ’ ಇನ್ನೂ ಎಳೆಯ ಮಕ್ಕಳಿಗಾಗಿ ಬಂತು. ಒಂದೂವರೆಯಿಂದ ಎರಡೂವರೆ ವರ್ಷದ 48 ಮಕ್ಕಳ ಮೇಲೆ ಎರಡು ವರ್ಷ ನಡೆದ ಅದರ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಆಟ, ಊಟ, ಸ್ನಾನಗಳ ನಡುವೆಯೇ ಕಲಿಸಿದ ಆ ಗುಂಪಿನ ಮಕ್ಕಳ ಭಾಷೆ ಮತ್ತು ದಿನನಿತ್ಯದ ಕೌಶಲಗಳು ಹೋಲಿಕೆಯ ಗುಂಪಿಗಿಂತ ಚೆನ್ನಾಗಿ ಸುಧಾರಿಸಿದ್ದವು. 2015ರಲ್ಲಿ ಈ ಬಗೆಯ ವಿಧಾನಗಳನ್ನೆಲ್ಲ ರೂಪಿಸಿದವರು ಒಟ್ಟಾಗಿ ಕೂತು, ‘ಸಹಜ ಪರಿಸರದ, ಬೆಳವಣಿಗೆಗೆ ತಕ್ಕ ವರ್ತನಾ ಚಿಕಿತ್ಸೆ’ ಎಂಬ ಅರ್ಥದ ಒಂದೇ ಹೆಸರಿನಡಿ ಅವನ್ನು ತಂದರು. 2020ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆದ ದೊಡ್ಡ ಪರಿಶೀಲನೆಯೊಂದು, ಮಕ್ಕಳ ಭಾಷೆ ಮತ್ತು ಒಡನಾಟದ ವಿಷಯದಲ್ಲಿ ಈ ಹಾದಿಗೆ ಒಂದು ಮಟ್ಟಿನ ಪುರಾವೆಯಿದೆ ಎಂದು ಕಂಡುಕೊಂಡಿತು.

ನಡತೆಯ ಹಿಂದೆ ಒಂದು ಕೋರಿಕೆ

ಬಸ್ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ಬಿದ್ದು ಕಿರುಚುವ ಮಗುವನ್ನು ಕಂಡರೆ ನಮ್ಮ ಗಮನವೆಲ್ಲ ಕಿರುಚಾಟದ ಮೇಲಿರುತ್ತದೆ. ಒಳ್ಳೆಯ ಥೆರಪಿಸ್ಟ್ ಅದರ ಹಿಂದಿನ ನಿಮಿಷವನ್ನೂ ಮುಂದಿನ ನಿಮಿಷವನ್ನೂ ನೋಡುತ್ತಾರೆ. ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು? ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಒಂದೆರಡು ವಾರ ಬರೆದಿಟ್ಟರೆ ಮನೆಯವರಿಗೇ ಒಂದು ಕ್ರಮ ಕಾಣತೊಡಗುತ್ತದೆ. ಇದಕ್ಕೆ ಪದವಿ ಬೇಡ, ತಾಳ್ಮೆಯಿಂದ ಗಮನಿಸಿದರೆ ಸಾಕು.

ಅದೇ ಬಸ್ ಸ್ಟ್ಯಾಂಡ್, ಅದೇ ಕಿರುಚಾಟ, ಆದರೆ ಕಾರಣ ನಾಲ್ಕಿರಬಹುದು. ಏರ್ ಹಾರ್ನಿನ ಸದ್ದು ಕಿವಿಗೆ ನೋವು ಕೊಟ್ಟಿರಬಹುದು. ಎಷ್ಟು ಹೊತ್ತು ಕಾಯಬೇಕೆಂದು ಗೊತ್ತಾಗದೆ ಇಲ್ಲಿಂದ ಹೋದರೆ ಸಾಕು ಎನ್ನಿಸಿರಬಹುದು. ಎದುರಿನ ಬೇಕರಿಯ ಬನ್ನು ಬೇಕಿರಬಹುದು. ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದು, ಅವಳ ಗಮನ ಬೇಕಿರಬಹುದು. ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಕಿವಿ ಮುಚ್ಚುವ ಹೆಡ್‌ಫೋನ್. ಎರಡನೆಯದಕ್ಕೆ ‘ಮೊದಲು ಬಸ್ಸು, ಆಮೇಲೆ ಅಜ್ಜಿ ಮನೆ’ ಎಂದು ಎರಡು ಚಿತ್ರಗಳಲ್ಲಿ ತೋರಿಸುವುದು. ಕೊನೆಯ ಎರಡಕ್ಕೆ ಕೇಳುವ ದಾರಿ ಕಲಿಸುವುದು. ಸದ್ದಿನಿಂದ ನೋಯುತ್ತಿರುವ ಮಗುವನ್ನು ‘ಅಳಲಿ ಬಿಡಿ, ಗಮನ ಕೊಡಬೇಡಿ’ ಎಂದು ಬಿಟ್ಟರೆ ಅದು ಚಿಕಿತ್ಸೆ ಅನ್ನಿಸಿಕೊಳ್ಳುವುದಿಲ್ಲ.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹೊಡೆಯುವ, ಕಚ್ಚುವ, ಕಿರುಚುವ ನಡತೆಯಿಂದ ಮಗು ಏನನ್ನು ಪಡೆಯುತ್ತಿದೆಯೋ, ಅದನ್ನೇ ಪಡೆಯಲು ಸುಲಭವಾದ ಒಂದು ಮಾತನ್ನು ಕಲಿಸಿದರೆ ಆ ನಡತೆ ಇಳಿಯುತ್ತದೆ. ಬಾಯಿಮಾತೇ ಆಗಬೇಕಿಲ್ಲ. ಕೈಸನ್ನೆ, ಚಿತ್ರದ ಕಾರ್ಡು, ಟ್ಯಾಬ್ಲೆಟ್ಟಿನ ಒಂದು ಗುಂಡಿ, ಯಾವುದಾದರೂ ಸರಿ. ಚಿತ್ರ ಬಳಸಿದರೆ ಮಾತು ಬರುವುದು ನಿಂತುಹೋಗುತ್ತದೆ ಎಂಬ ಭಯ ಬೇಡ, ಅಧ್ಯಯನಗಳು ಅದಕ್ಕೆ ಬೆಂಬಲ ಕೊಟ್ಟಿಲ್ಲ. ನನ್ನನ್ನು ಕೇಳಿದರೆ ಪ್ರತಿ ಮಗುವಿಗೂ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಎರಡು ಮಾತು ‘ಬೇಕು’ ಮತ್ತು ‘ಸಾಕು’. ಬಣ್ಣಗಳ ಹೆಸರು, ಎಬಿಸಿಡಿ ಆಮೇಲೆ ಬರಲಿ.

ಅಂಗಡಿಯಲ್ಲಿ ಐದು ಸೆಕೆಂಡು

ಈ ತತ್ವಗಳು ಬೀದಿಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಹತ್ತಿರದಿಂದ ನೋಡೋಣ. ಬಿಸ್ಕೆಟ್ ಕೊಳ್ಳುವುದು ನಮ್ಮ ಲೆಕ್ಕಕ್ಕೆ ಒಂದು ಕೆಲಸ. ಬಿಡಿಸಿ ನೋಡಿದರೆ ಅದರೊಳಗೆ ಏಳೆಂಟು ಕೆಲಸಗಳಿವೆ: ಅಂಗಡಿಯವರೆಗೆ ನಡೆಯುವುದು, ಕಟ್ಟೆಯ ಮುಂದೆ ನಿಲ್ಲುವುದು, ಸರದಿಗೆ ಕಾಯುವುದು, ಬೇಕಾದ್ದನ್ನು ಹೇಳುವುದು ಅಥವಾ ತೋರಿಸುವುದು, ದುಡ್ಡು ಕೊಡುವುದು, ಪೊಟ್ಟಣ ತೆಗೆದುಕೊಳ್ಳುವುದು, ಚಿಲ್ಲರೆ ಇಸಿದುಕೊಳ್ಳುವುದು, ಮನೆ ದಾರಿ ಹಿಡಿಯುವುದು. ಮೊದಮೊದಲು ಅಮ್ಮ ಇವೆಲ್ಲವನ್ನೂ ತಾನೇ ಮಾಡಿ, ಪೊಟ್ಟಣ ತೆಗೆದುಕೊಳ್ಳುವುದನ್ನಷ್ಟೇ ಮಗುವಿಗೆ ಬಿಡಬಹುದು. ಅದು ಕೈಹತ್ತಿದ ಮೇಲೆ ದುಡ್ಡು ಕೊಡುವುದು. ಆಮೇಲೆ ಕೇಳುವುದು. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸುತ್ತ ಬಂದರೆ ಪ್ರತಿ ಸಲವೂ ಮಗುವಿನ ಕೆಲಸ ಗೆಲುವಿನಲ್ಲೇ ಮುಗಿಯುತ್ತದೆ.

ಇಲ್ಲಿ ಅಂಗಡಿಯವರ ಪಾತ್ರವೂ ಇದೆ. ಸಾಮಾನ್ಯವಾಗಿ ಅವರು ಮಗುವಿನ ಮುಖ ನೋಡಿದ ಕೂಡಲೇ ‘ಇದು ತಾನೇ ಬೇಕಾಗಿದ್ದು?’ ಎಂದು ಪೊಟ್ಟಣ ಮುಂದಿಡುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ಮಾತಿನ ಅವಕಾಶ ಅಲ್ಲಿಗೆ ತಪ್ಪಿಹೋಗುತ್ತದೆ. ‘ಅಣ್ಣಾ, ಅವನು ಕೇಳೋ ತನಕ ಒಂದು ಐದು ಸೆಕೆಂಡು ಸುಮ್ಮನೆ ಅವನ ಕಡೆ ನೋಡ್ತಾ ಇರಿ’ ಎಂದು ಅಮ್ಮ ಮೊದಲೇ ಹೇಳಿಟ್ಟರೆ ಸಾಕು. ಆ ಐದು ಸೆಕೆಂಡಿನಲ್ಲಿ ಮಗು ‘ಬಿ’ ಎಂದರೂ ಸರಿ, ಬೆರಳು ತೋರಿಸಿದರೂ ಸರಿ, ಪೊಟ್ಟಣ ತಕ್ಷಣ ಕೈಗೆ ಬರಬೇಕು. ಏನೂ ಬರದಿದ್ದರೆ ಅಮ್ಮ ಮೆಲ್ಲಗೆ ‘ಬಿ...’ ಎಂದು ಎತ್ತಿಕೊಡಬಹುದು. ಆಗಲೂ ಬಾರದಿದ್ದರೆ ಅಮ್ಮನೇ ಹೇಳಿ, ಕೊಡಿಸಿ, ನಗುತ್ತ ಮನೆಗೆ ಬರಬೇಕು. ಹಸಿದ ಮಗುವಿನ ಮುಂದೆ ತಿಂಡಿ ಹಿಡಿದು ಸತಾಯಿಸುವುದು ಕಲಿಸುವ ಕ್ರಮವಲ್ಲ. ಒಂದು ಅಂಗಡಿಯಲ್ಲಿ ಬಂದದ್ದನ್ನು ಇನ್ನೊಂದು ಅಂಗಡಿಯಲ್ಲಿ, ಅಮ್ಮನ ಜೊತೆ ಬಂದದ್ದನ್ನು ಅಜ್ಜನ ಜೊತೆಯೂ ಮಾಡಿಸಬೇಕು. ಸ್ಟೋಕ್ಸ್ ಮತ್ತು ಬೇರ್ ಹೇಳಿದ ‘ಬೇರೆ ಬೇರೆ ಜಾಗ, ಬೇರೆ ಬೇರೆ ಜನ’ ಎಂಬುದರ ನಿತ್ಯರೂಪ ಇದು.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನಂಥ ಊರಿನಲ್ಲಿ ಥೆರಪಿ ಇಂಗ್ಲಿಷಿನಲ್ಲಿ ನಡೆಯುವುದು ಸಾಮಾನ್ಯ. ಗೊಂದಲವಾಗದಿರಲೆಂದು ಮನೆಯಲ್ಲೂ ಕನ್ನಡ ಬಿಟ್ಟುಬಿಡಿ ಎಂಬ ಸಲಹೆ ಅನೇಕರಿಗೆ ಸಿಕ್ಕಿದೆ. ಎರಡು ಭಾಷೆ ಕೇಳುತ್ತ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎನ್ನಲು ಸಂಶೋಧನೆಯ ಆಧಾರವಿಲ್ಲ. ಅಜ್ಜಿಯ ಜೊತೆ, ಅಂಗಡಿಯವರ ಜೊತೆ, ಓಣಿಯ ಮಕ್ಕಳ ಜೊತೆ ಯಾವ ಭಾಷೆ ಬೇಕೋ ಅದರಲ್ಲಿ ಕಲಿತರೆ ತಾನೇ ಕಲಿತದ್ದು ಬಳಕೆಗೆ ಬರುವುದು?

ಕಟಿಂಗ್ ಶಾಪು, ಮದುವೆಮನೆ, ಮಂಗಳಾರತಿ

ಕೂದಲು ಕತ್ತರಿಸುವುದು ಅನೇಕ ಮನೆಗಳಲ್ಲಿ ನಾಲ್ಕು ಜನ ಹಿಡಿದು ಮುಗಿಸುವ ಯುದ್ಧ. ಟ್ರಿಮ್ಮರಿನ ಗುಂಯ್ ಸದ್ದು, ಕುತ್ತಿಗೆಗೆ ಬಿಗಿದ ಬಟ್ಟೆ, ಬೆನ್ನೊಳಗೆ ಉದುರುವ ಕೂದಲು, ಅಪರಿಚಿತ ಕೈ ತಲೆ ಮುಟ್ಟುವುದು ಎಲ್ಲವೂ ಒಟ್ಟಿಗೇ ಮೈಮೇಲೆ ಬರುತ್ತವೆ. ಹಿಡಿದು ಕತ್ತರಿಸಿದರೆ ಆ ತಿಂಗಳ ಕೆಲಸ ಮುಗಿದೀತು, ಮುಂದಿನ ತಿಂಗಳ ಭಯ ಇಮ್ಮಡಿಯಾಗುತ್ತದೆ.

ಬೇರೆ ದಾರಿ ನಿಧಾನದ್ದು. ಮೊದಲು ಅಂಗಡಿಯ ಮುಂದೆ ಹಾದುಹೋಗುವುದಷ್ಟೇ. ಇನ್ನೊಂದು ದಿನ ಒಳಗಿನ ಬೆಂಚಿನ ಮೇಲೆ ಕೂತು ಅಪ್ಪನ ಕಟಿಂಗ್ ನೋಡುವುದು. ಮನೆಯಲ್ಲಿ ಮಗುವಿಗಿಷ್ಟವಾದ ಟವೆಲನ್ನು ಹೊದಿಸಿ ಕನ್ನಡಿ ಮುಂದೆ ಆಟ, ಫೋನಿನಲ್ಲಿ ಟ್ರಿಮ್ಮರಿನ ಸದ್ದನ್ನು ತೀರಾ ಸಣ್ಣದಾಗಿ ಕೇಳಿಸಿ, ಮಗು ಆರಾಮಾಗಿದ್ದಾಗ ಮಾತ್ರ ಒಂದೊಂದೇ ಹಂತ ಏರಿಸುವುದು. ಭಾನುವಾರದ ಸಾಲು ತಪ್ಪಿಸಿ, ವಾರದ ನಡುವೆ ಅಂಗಡಿ ಖಾಲಿಯಿರುವ ಹೊತ್ತಿಗೆ ಹೋಗುವುದು. ಟ್ರಿಮ್ಮರ್ ಬಿಟ್ಟು ಕತ್ತರಿ ಬಳಸಿ, ಮಗು ಕೈ ಎತ್ತಿದರೆ ನಿಲ್ಲಿಸಿ ಎಂದು ಮೊದಲೇ ಮಾತಾಡಿಕೊಳ್ಳುವುದು. ಕೈ ಎತ್ತಿದಾಗ ನಿಜವಾಗಿಯೂ ಕತ್ತರಿ ನಿಂತರೆ ಮಗುವಿಗೆ ನಂಬಿಕೆ ಹುಟ್ಟುತ್ತದೆ. ಮೊದಲ ಸಲ ಒಂದು ಕಡೆಯ ಕೂದಲಷ್ಟೇ ಕತ್ತರಿಸಲು ಆದರೂ ಅದು ಸೋಲಲ್ಲ, ಉಳಿದದ್ದು ನಾಳೆ ಆಗುತ್ತದೆ.

ಮದುವೆಮನೆಯಲ್ಲಿ ಗಟ್ಟಿಮೇಳದ ಗಳಿಗೆಗೆ ವಾಲಗ ಒಮ್ಮೆಲೇ ಮುಗಿಲು ಮುಟ್ಟುತ್ತದೆ. ಸದ್ದು ತಡೆಯದ ಮಗು ಅಲ್ಲಿ ಒದ್ದಾಡುವುದನ್ನು ಕಂಡು ಅನೇಕ ಕುಟುಂಬಗಳು ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿವೆ. ಮುಹೂರ್ತ ಮುಗಿದ ಮೇಲೆ ಹೋಗಿ, ಊಟದ ಪಂಕ್ತಿಯ ತುದಿಯಲ್ಲಿ ಕೂತು, ಸಾಕೆನಿಸಿದಾಗ ಎದ್ದು ಬರಬಹುದಾದ ಸಣ್ಣ ಕೋಣೆಯೊಂದನ್ನು ಮನೆಯವರು ತೋರಿಸಿಟ್ಟರೆ ಆ ಕುಟುಂಬವೂ ಮದುವೆಗೆ ಬಂದೀತು. ದೇವಸ್ಥಾನಕ್ಕೂ ಇದೇ ಮಾತು. ಮಹಾಮಂಗಳಾರತಿಗೆ ವಿದ್ಯುತ್ ನಗಾರಿ, ಗಂಟೆ ಬಾರಿಸುವ ಹೊತ್ತು ಬಿಟ್ಟು, ಮಧ್ಯಾಹ್ನದ ನಿಶ್ಶಬ್ದದಲ್ಲಿ ಹತ್ತು ನಿಮಿಷ ಹೋಗಿ ಬರುವುದರಿಂದ ಶುರು ಮಾಡಬಹುದು. ಮಗು ಹೊಂದಿಕೊಳ್ಳುವುದನ್ನು ಕಲಿಯುವಷ್ಟೇ ಸನ್ನಿವೇಶವನ್ನು ಮಗುವಿಗೆ ಹೊಂದಿಸುವುದೂ ಚಿಕಿತ್ಸೆಯೇ.

ಕಲಿಸುವವರು ಯಾರು? ಗೋವಾ ಕೊಟ್ಟ ಉತ್ತರ

ವಾರಕ್ಕೆ 20 ಗಂಟೆ, 40 ಗಂಟೆ ಎಂದು ಪಶ್ಚಿಮದ ಪುಸ್ತಕಗಳು ಹೇಳುವುದನ್ನು ಕೇಳಿ ನಮ್ಮ ಜಿಲ್ಲೆಗಳ ತಂದೆತಾಯಂದಿರು ಕೈಚೆಲ್ಲುತ್ತಾರೆ. ಪರಿಣತರು ದೊಡ್ಡ ನಗರಗಳಲ್ಲಿದ್ದಾರೆ, ಶುಲ್ಕ ಕೈಗೆಟುಕುವುದಿಲ್ಲ. ಹಾಗಾದರೆ ಉಳಿದವರ ಗತಿಯೇನು ಎಂಬ ಪ್ರಶ್ನೆಗೆ ನಮ್ಮ ನೆರೆಯ ಗೋವಾದಲ್ಲೇ ಒಂದು ಉತ್ತರ ಹುಡುಕಲಾಯಿತು.

ಬ್ರಿಟನ್ನಿನಲ್ಲಿ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ರೂಪಿಸಿದ್ದ ಒಂದು ವಿಧಾನವನ್ನು ‘ಸಂಗಾತ್’ ಸಂಸ್ಥೆಯವರು ಇಲ್ಲಿನ ಮನೆಗಳಿಗೆ ಹೊಂದಿಸಿದರು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳೊಂದಿಗೆ ಅದರ ಪರೀಕ್ಷೆ ನಡೆಯಿತು. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಗೆ ಹೋಗುತ್ತಿದ್ದವರು ಮನೋವೈದ್ಯರಾಗಲಿ ಸ್ಪೀಚ್ ಥೆರಪಿಸ್ಟ್‌ಗಳಾಗಲಿ ಆಗಿರಲಿಲ್ಲ. ತರಬೇತಿ ಮತ್ತು ಮೇಲ್ವಿಚಾರಣೆ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ 12 ಭೇಟಿ. ತಾಯಿ ಅಥವಾ ತಂದೆ ಮಗುವಿನ ಜೊತೆ ಆಡುವುದನ್ನು ಕೆಲವು ನಿಮಿಷ ವಿಡಿಯೊ ಮಾಡಿಕೊಂಡು, ಆಮೇಲೆ ಪೋಷಕರೂ ಕಾರ್ಯಕರ್ತೆಯೂ ಒಟ್ಟಿಗೆ ಕೂತು ನೋಡುತ್ತಾರೆ. ‘ಇಲ್ಲಿ ಅವನು ನಿಮ್ಮ ಕಡೆ ನೋಡಿದ, ಗಮನಿಸಿದಿರಾ?’, ‘ಇಲ್ಲಿ ನೀವು ಸುಮ್ಮನಿದ್ದಾಗ ಅವನೇ ಚಕ್ರವನ್ನು ನಿಮ್ಮ ಕೈಗೆ ಕೊಟ್ಟ’ ಎಂದು ಕಾರ್ಯಕರ್ತೆ ತೋರಿಸಿಕೊಡುವ ಬಗೆಯದು ಈ ಕೆಲಸ. ತಾಯಿಗೆ ತನ್ನ ಮಗುವಿನ ಸಣ್ಣ ಸಣ್ಣ ಕರೆಗಳು ಕಾಣತೊಡಗುತ್ತವೆ. ಪ್ರಶ್ನೆಗಳ ಸುರಿಮಳೆ ನಿಂತು ಮಗುವಿನ ಗಮನವನ್ನೇ ಹಿಂಬಾಲಿಸುವ ಮಾತು ಬರುತ್ತದೆ.

ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಸ್ಪಷ್ಟವಾಗಿ ಸುಧಾರಿಸಿತು. ಮಕ್ಕಳು ತಾವಾಗಿಯೇ ಒಡನಾಟ ಶುರು ಮಾಡುವುದೂ ಹೆಚ್ಚಿತು. ಎಲ್ಲದರಲ್ಲೂ ಗೆಲುವು ಸಿಗಲಿಲ್ಲ. ಪೋಷಕರೂ ಮಗುವೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಹೆಚ್ಚುವ ಬದಲು ಕಡಿಮೆಯಾಗಿತ್ತು ಎಂಬುದನ್ನೂ ಸಂಶೋಧಕರು ಮುಚ್ಚಿಡದೆ ಬರೆದರು. ಪರಿಣತರ ಕೈಯಲ್ಲಷ್ಟೇ ಇರುವುದೆಂದು ನಾವು ಭಾವಿಸಿದ್ದ ಕೆಲಸದ ದೊಡ್ಡ ಭಾಗವನ್ನು ತರಬೇತಿ ಪಡೆದ ಸ್ಥಳೀಯರು ಮನೆಯಂಗಳದಲ್ಲೇ ಮಾಡಬಲ್ಲರು ಎಂಬ ಭರವಸೆಯಂತೂ ಇದರಿಂದ ಸಿಕ್ಕಿತು.

ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ದಿಕ್ಕಿನಲ್ಲಿ ಪೋಷಕರ ತರಬೇತಿಯೊಂದನ್ನು ರೂಪಿಸಿದೆ. ಒಂಬತ್ತು ಗುಂಪು ತರಗತಿ, ಮೂರು ಮನೆಭೇಟಿ, ಇಷ್ಟೇ. ಕರ್ನಾಟಕದಲ್ಲಿ ಈ ಬಗೆಯ ಯೋಚನೆ ಹೊಸದೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ್ 2000ದಲ್ಲಿ ಶುರು ಮಾಡಿದ ‘ಕಾಮ್ ಡೀಲ್’ ಕಾರ್ಯಕ್ರಮದಲ್ಲಿ ಎಳೆಯ ಮಕ್ಕಳು ಗುಂಪಿನಲ್ಲಿ ಕಲಿಯುತ್ತಾರೆ, ಕುಟುಂಬ ಅದರ ಭಾಗವಾಗಿರುತ್ತದೆ. ಈ ಅನುಭವ ಎರಡು ಮಹಾನಗರಗಳ ಗಡಿ ದಾಟಬೇಕು.

ಅಂಗನವಾಡಿಯ ಬಾಗಿಲು

ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೂರು ವರ್ಷದ ಮಗು ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ, ಬಂದಿದ್ದ ಮಾತೂ ನಿಂತುಹೋಗಿದೆ ಎಂಬುದನ್ನು ಮನೆಯವರ ನಂತರ ಮೊದಲು ಗಮನಿಸುವವರು ಅಲ್ಲಿನ ಕಾರ್ಯಕರ್ತೆಯರೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಅಗತ್ಯವಿದ್ದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಅಂಗವಿಕಲ ಮಕ್ಕಳನ್ನು ಅಂಗನವಾಡಿಯಲ್ಲೇ ಒಳಗೊಳ್ಳುವ ಬಗ್ಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಶಾಲೆ ಇಂಥ ಮಗುವಿಗೆ ಬಾಗಿಲು ಮುಚ್ಚುವಂತಿಲ್ಲ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ಥೆರಪಿಯೂ ಸೇರಿ ಒಂದು ಲಕ್ಷ ರೂಪಾಯಿವರೆಗಿನ ನೆರವಿದೆ.

ಕಾಗದದ ಮೇಲೆ ಇಷ್ಟೆಲ್ಲ ಇರುವಾಗ ಆಗಬೇಕಾದ್ದು ಗುರುತಿಸುವುದನ್ನೂ ಕಲಿಸುವುದನ್ನೂ ಜೋಡಿಸುವ ಕೆಲಸ. ಗುರುತಿಸುವುದಕ್ಕಷ್ಟೇ ತರಬೇತಿ ಪಡೆದ ಕಾರ್ಯಕರ್ತೆಗೆ ಕಲಿಸುವ ತರಬೇತಿಯೂ ಸಿಗಬೇಕು, ಅದಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು. ಸಂಬಳ ಹೆಚ್ಚಿಸದೆ ಹೊರೆ ಮಾತ್ರ ಹೆಚ್ಚಿಸಿದರೆ ಯಾವ ಮಾರ್ಗಸೂಚಿಯೂ ಉಳಿಯುವುದಿಲ್ಲ. ತಿಂಗಳಿಗೊಮ್ಮೆಯಾದರೂ ಪರಿಣತರೊಬ್ಬರು ಅವರ ಕೆಲಸ ನೋಡಿ ತಿದ್ದುವ ವ್ಯವಸ್ಥೆ ಬೇಕು. ಗೋವಾದ ಕಾರ್ಯಕರ್ತರಿಗೂ ಅಂಥ ಮೇಲ್ವಿಚಾರಣೆ ಇತ್ತು.

ಎಲ್ಲಿ ಎಚ್ಚರ ಬೇಕು

ವರ್ತನಾ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವುದೆಲ್ಲ ಒಳ್ಳೆಯದಲ್ಲ. ಈ ತರಬೇತಿಗಳಿಂದ ತಮಗಾದ ನೋವನ್ನು ಆಟಿಸಂ ಇರುವ ವಯಸ್ಕರೇ ಬರೆದಿದ್ದಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಗದ್ದ ಹಿಡಿದು ತಿರುಗಿಸುವುದು, ಯಾರಿಗೂ ತೊಂದರೆಯಿಲ್ಲದ ಕೈ ಬಡಿತ, ತೂಗಾಟಗಳನ್ನು ಬಲವಂತವಾಗಿ ನಿಲ್ಲಿಸುವುದು, ಊಟ ತಡೆಹಿಡಿಯುವುದು, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ತಯಾರು ಮಾಡುವುದು ಇವೆಲ್ಲ ಮಗುವಿನ ಘನತೆಗೆ ಧಕ್ಕೆ ತರುತ್ತವೆ. ‘ಬೇಡ’ ಎನ್ನಲು ಬಾರದ ಮಗು ದೌರ್ಜನ್ಯಕ್ಕೆ ಸುಲಭವಾಗಿ ತುತ್ತಾಗುತ್ತದೆ ಎಂಬುದನ್ನು ಮರೆಯಬಾರದು. ಚಿಕಿತ್ಸೆಯ ಕೆಡುಕುಗಳನ್ನು ದಾಖಲಿಸಿದ ಅಧ್ಯಯನಗಳು ತೀರಾ ಕಡಿಮೆ ಎಂಬುದು ಈ ಕ್ಷೇತ್ರದ ದೊಡ್ಡ ಕೊರತೆ.

ಆದ್ದರಿಂದ ಸೆಂಟರ್ ಆರಿಸುವಾಗ ತಂದೆತಾಯಂದಿರು ನೇರವಾಗಿ ಕೇಳಬೇಕು. ಕ್ಲಾಸು ನಡೆಯುವಾಗ ನಾವು ಒಳಗೆ ಕೂರಬಹುದೇ? ಮಗು ಅತ್ತರೆ ಏನು ಮಾಡುತ್ತೀರಿ? ಇವತ್ತು ಕಲಿಸಿದ್ದನ್ನು ಮನೆಯಲ್ಲಿ ಹೇಗೆ ಮಾಡಬೇಕೆಂದು ತೋರಿಸುತ್ತೀರಾ? ಮುಂದಿನ ಮೂರು ತಿಂಗಳ ಗುರಿ ಏನು? ಬಾಗಿಲು ಮುಚ್ಚಿಕೊಂಡು ‘ನೀವು ಹೊರಗಿರಿ’ ಎನ್ನುವವರ ಬಗ್ಗೆ, ಇಷ್ಟು ತಿಂಗಳಲ್ಲಿ ಪೂರ್ತಿ ವಾಸಿ ಮಾಡುತ್ತೇವೆ ಎಂದು ಮಾತು ಕೊಡುವವರ ಬಗ್ಗೆ, ಸ್ಟೆಮ್ ಸೆಲ್ ಇಂಜೆಕ್ಷನ್ನಿಗೆ ಲಕ್ಷಗಟ್ಟಲೆ ಕೇಳುವವರ ಬಗ್ಗೆ ಹುಷಾರಾಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯ ಅನುಮೋದನೆ ಇಲ್ಲ.

ಇನ್ನೊಂದು ಎಚ್ಚರ ತಾಯಂದಿರ ಬಗ್ಗೆ. ಮನೆಯೇ ಕಲಿಕೆಯ ಜಾಗ ಎಂದ ಕೂಡಲೇ ಇಡೀ ಭಾರ ಒಬ್ಬಳ ಹೆಗಲಿಗೆ ಬೀಳಬಾರದು. ಅಡುಗೆ, ಆಫೀಸು, ಇನ್ನೊಂದು ಮಗು, ಅತ್ತೆಯ ಔಷಧಿ ಇವುಗಳ ಜೊತೆಗೆ ದಿನವಿಡೀ ಥೆರಪಿಸ್ಟ್ ಆಗಿರುವುದು ಯಾರಿಗೂ ಸಾಧ್ಯವಿಲ್ಲ. ಅಪ್ಪ ಸ್ನಾನದ ಹೊತ್ತನ್ನು ವಹಿಸಿಕೊಳ್ಳಲಿ, ಅಜ್ಜ ಅಂಗಡಿಗೆ ಹೋಗುವುದನ್ನು, ಅಕ್ಕ ಸಂಜೆಯ ಅರ್ಧ ಗಂಟೆ ಆಟವನ್ನು. ದಿನಕ್ಕೆ ಎರಡೋ ಮೂರೋ ನಿಶ್ಚಿತ ಸಂದರ್ಭಗಳಲ್ಲಿ ಕಲಿಸಿದರೆ ಸಾಕು. ಉಳಿದ ಹೊತ್ತು ಅಮ್ಮ ಬರೀ ಅಮ್ಮನಾಗಿಯೂ ಮಗು ಬರೀ ಮಗುವಾಗಿಯೂ ಇರಲಿ.

ಊರಿನ ಪಾಲು

ಇಷ್ಟೆಲ್ಲ ಹೇಳಿದ ಮೇಲೆ ಉಳಿದ ನಮ್ಮೆಲ್ಲರ ಕೆಲಸ ದೊಡ್ಡದೇನಲ್ಲ. ಬಸ್ಸಿನಲ್ಲಿ ಮಗು ಕಿರುಚಿದರೆ ದುರುಗುಟ್ಟಿ ನೋಡದೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಬಹುದು. ಕಂಡಕ್ಟರ್ ಎರಡು ನಿಮಿಷ ತಾಳ್ಮೆ ತೋರಿಸಬಹುದು. ಕಟಿಂಗ್ ಶಾಪಿನವರು ಖಾಲಿ ಹೊತ್ತಿನಲ್ಲಿ ಕರೆಯಬಹುದು. ಮಕ್ಕಳ ಹುಟ್ಟುಹಬ್ಬಕ್ಕೆ ಆ ಮನೆಯನ್ನೂ ಕರೆದು, ‘ಸದ್ದು ಕಡಿಮೆ ಇಡ್ತೇವೆ, ಅರ್ಧ ಗಂಟೆ ಇದ್ದು ಹೋದರೂ ಸಂತೋಷ’ ಎನ್ನಬಹುದು. ಪಾರ್ಕಿನಲ್ಲಿ ನಮ್ಮ ಮಕ್ಕಳನ್ನು ಆ ಮಗುವಿನಿಂದ ದೂರ ಎಳೆಯುವ ಬದಲು ಅದರ ಜೊತೆ ಆಡುವುದು ಹೇಗೆಂದು ತೋರಿಸಬಹುದು. ಓರಗೆಯ ಮಕ್ಕಳಿಗೆ ಸ್ವಲ್ಪ ಹೇಳಿಕೊಟ್ಟರೆ ಅವರೇ ಒಳ್ಳೆಯ ಕಲಿಸುವವರಾಗುತ್ತಾರೆ ಎಂಬುದಕ್ಕೂ ಪುರಾವೆಯಿದೆ.

ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂದು ಅಳೆಯಲು ಸೆಂಟರಿನ ಫೈಲಿನಲ್ಲಿರುವ ಅಂಕಗಳು ಸಾಲವು. ಕಳೆದ ವರ್ಷ ಹೋಗಲಾಗದ ಎಷ್ಟು ಜಾಗಗಳಿಗೆ ಈ ವರ್ಷ ಮಗು ಹೋಗುತ್ತಿದೆ, ಮನೆಯವರ ಹೊರತು ಎಷ್ಟು ಜನರ ಜೊತೆ ತನ್ನದೇ ರೀತಿಯಲ್ಲಿ ಒಡನಾಡುತ್ತಿದೆ, ಬೇಕು ಬೇಡಗಳನ್ನು ಹೇಳಿಕೊಳ್ಳಲು ಎಷ್ಟು ದಾರಿಗಳಿವೆ ಎಂದು ಎಣಿಸಬೇಕು. ಆ ಎಣಿಕೆ ಏರಬೇಕಾದರೆ ಮಗುವೂ ಕಲಿಯಬೇಕು, ಊರೂ ಕಲಿಯಬೇಕು. ಮಗು ತನ್ನ ಪಾಲಿನದನ್ನು ಆಗಲೇ ಮಾಡುತ್ತಿದೆ, ಪ್ರತಿ ದಿನವೂ. ನಮ್ಮ ಪಾಲಿನದನ್ನು ನಾವು ಈ ವಾರವೇ ಶುರು ಮಾಡೋಣ.